ಬೇರಿಗಂಟಿದ ಮಣ್ಣು



ನೂರು ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಕುಂಡದ ಸಸಿಗಳ ಮಾತನ್ನಾಡುವುದು ಸಣ್ಣ ಸಂಗತಿಯೆನಿಸೀತು. ಆದರೆ ತಾಳವಾಡಿ ಸೀಮೆಯ ನಾವು ಚೆಂಡುಹೂವಿನ ಹೊಲಗಳ ನಡುವೆ ಬೆಳೆದವರು. ಬಲ್ಲ ಪಾಠವನ್ನು ಬಲ್ಲ ಗಿಡದಿಂದಲೇ ಹೇಳಬಯಸುತ್ತೇವೆ.

ಆಯುಧಪೂಜೆಯ ಹೊತ್ತಿಗೆ ಹೂ ಕೈಗೆ ಬರಬೇಕಾದರೆ ಸುಮಾರು 3 ತಿಂಗಳು ಮೊದಲು, ಆಷಾಢದಲ್ಲಿಯೇ ಬೀಜ ಬಿತ್ತಬೇಕು. ಹೊಲ ಹದವಾಗಲೆಂದು ಕಾದು ಕುಳಿತರೆ ಹಬ್ಬ ದಾಟಿಹೋಗುತ್ತದೆ. ಆದುದರಿಂದ ಕುಂಡವನ್ನು ಆಶ್ರಯಿಸುತ್ತೇವೆ. ಪುಟ್ಟ ಕುಂಡದ ತಳದ ತೂತಿನ ಮೇಲೆ ಹೆಂಚಿನ ಚೂರನ್ನಿಟ್ಟು, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಗಳನ್ನು ಸಮಪಾಲಿನಲ್ಲಿ ತುಂಬಿ, ಬೀಜದ ಮೇಲೆ ತೆಳುವಾಗಿ ಮಣ್ಣು ಉದುರಿಸಿ ಸೂರಿನಡಿಯಲ್ಲಿಡುತ್ತೇವೆ. ವಾರದೊಳಗೆ ಮೊಳಕೆ ಕಾಣುತ್ತದೆ. ಮೊಳೆತೊಡನೆ ಬೆಳಕಿಗೆ ಸರಿಸಬೇಕು. ನೆರಳಿನಲ್ಲಿ ಉಳಿದ ಸಸಿ ಬೆಳಕನ್ನರಸಿ ಬಡಕಲಾಗಿ ಉದ್ದವಾಗುತ್ತದೆ. 25ರಿಂದ 30 ದಿನಗಳಾದಾಗ ನೆಲಕ್ಕೆ ನೆಡಬೇಕು.

ಒಂದು ವರ್ಷ ಮಳೆಯ ದಾರಿ ನೋಡುತ್ತ ಸಸಿಗಳನ್ನು 2 ತಿಂಗಳು ಕುಂಡದಲ್ಲಿಯೇ ಉಳಿಸಿದೆವು. ಗೇಣುದ್ದದ ಗಿಡಗಳು ಮೊಗ್ಗು ಬಿಟ್ಟವು. ಊರಿಗೆಲ್ಲ ಮೊದಲು ನಮ್ಮ ಹೂವೆಂದು ಹಿಗ್ಗಿದೆವು. ಅರಳಿದಾಗ ಅವು ಅಂಗಿಯ ಗುಂಡಿಯಷ್ಟೇ ಇದ್ದವು. ಕುಂಡವನ್ನು ಕವುಚಿ ನೋಡಿದರೆ ಬೇರುಗಳು ಹಾದಿ ಕಾಣದೆ ಸುತ್ತಿ ಸುತ್ತಿ ಹಗ್ಗದಂತಾಗಿದ್ದವು. ಅದು ಬೆಳವಣಿಗೆಯ ಹೂವಲ್ಲ, ಸಂಕಟದ ಹೂವೆಂದು ಅಂದು ತಿಳಿಯಿತು.

ಹದವರಿತು ಬಿಡಿಸಿದ ಸಸಿಯ ರೀತಿಯೇ ಬೇರೆ. ಮಡಿಯಿಂದ ಕಿತ್ತ ಸಸಿ ಬೇರು ಹರಿದು ಕೆಲದಿನ ಬಾಡುತ್ತದೆ. ಕುಂಡದ ಸಸಿಯಾದರೋ ಬೇರನ್ನಪ್ಪಿದ ಮಣ್ಣಿನೊಡನೆಯೇ ಹೊಸ ನೆಲಕ್ಕೆ ಇಳಿಯುತ್ತದೆ; ಬಾಡದೆ ಚಿಗುರುತ್ತದೆ. ಅದು ಬೇಗ ಹೂಬಿಡುವ ಗುಟ್ಟು ಇಷ್ಟೇ.

ಈ ಶಾಲೆಯೂ ಅಂತಹ ಕುಂಡವೆಂದು ನಾವು ಬಗೆದಿದ್ದೇವೆ. ಇಲ್ಲಿ ಅಕ್ಷರ ಕಲಿತ ಮಕ್ಕಳು ಮುಂದೆ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಓದಬೇಕಾಗುತ್ತದೆ. ಘಟ್ಟವಿಳಿದು ದೂರದ ಊರುಗಳಿಗೆ ಹೋಗಬೇಕಾಗುತ್ತದೆ. ಕನ್ನಡವು ಅವರನ್ನು ತಡೆಯುವ ಕುಂಡದ ಗೋಡೆಯಾಗದಿರಲಿ. ಜೊತೆಯಲ್ಲಿ ಹೋಗುವ ಬೇರಿನ ಮಣ್ಣಾಗಲಿ. ಬೇಗ ಫಲ ಕಾಣುವ ಆತುರದಿಂದ, ಬೇರೂರುವ ಮುನ್ನವೇ ಮಕ್ಕಳನ್ನು ಕೀಳಬೇಡಿರೆಂದು ಹೆತ್ತವರನ್ನು ಬೇಡಿಕೊಳ್ಳುತ್ತೇವೆ. ಹೊರಡುವ ಕಾಲ ಬಂದಾಗ ಹಿಡಿದಿಡಬಾರದೆಂಬುದು ನಮಗೆ ನಾವೇ ಹೇಳಿಕೊಳ್ಳುವ ಮಾತು.