ಹಿತ್ತಲಿನ ಸೈಕಲ್ ವರ್ಕ್‌ಶಾಪ್: ಕೈಯಿಂದ ಕಲಿಯುವ ವಿದ್ಯೆ

(ಮೈಸೂರಿನ ವಿಜಯನಗರದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿದ್ಯಾಭ್ಯಾಸದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಪರೀಕ್ಷೆ, ರ‍್ಯಾಂಕು, ಸ್ಕಾಲರ್‌ಶಿಪ್ಪು ಇವುಗಳ ವಿಷಯ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಇಂದು ಹೇಳಲು ಬಂದಿರುವುದು ಹಳೆಯ ಸೈಕಲ್ಲಿನ ವಿಷಯ. ವಿದ್ಯೆಗೂ ಸೈಕಲ್ಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ, ಆಮೇಲೆ ನೀವೇ ತೀರ್ಮಾನ ಮಾಡಿ.

"ಓದದಿದ್ದರೆ ಸೈಕಲ್ ಶಾಪಿಗೆ ಹಾಕಿಬಿಡ್ತೀನಿ ನೋಡು" ಎಂಬ ಗದರಿಕೆ ಕೇಳದೆ ಬೆಳೆದ ಹುಡುಗರು ನಮ್ಮಲ್ಲಿ ಕಡಿಮೆ. ಈ ಒಂದು ಮಾತಿನಲ್ಲಿ ಎರಡು ತಪ್ಪು ಪಾಠಗಳಿವೆ. ಕೈಕೆಲಸ ಎಂದರೆ ಶಿಕ್ಷೆ ಎಂಬುದು ಒಂದು. ಓದು ಎಂದರೆ ಕೈಗೆ ಮಸಿ ತಾಗದಂತೆ ಇರುವುದು ಎಂಬುದು ಇನ್ನೊಂದು. ನಮ್ಮ ಅನೇಕ ಮನೆಗಳಲ್ಲಿ ಸೈಕಲ್ ಶಾಪು, ಗ್ಯಾರೇಜು, ವೆಲ್ಡಿಂಗು, ಲೇತು ಕೆಲಸ ತಲೆಮಾರುಗಳಿಂದ ನಡೆದು ಬಂದಿದೆ. ಆ ಮನೆಯ ಮಕ್ಕಳಿಗೇ ನಾವು ಆ ಕಸುಬನ್ನು ಗುಮ್ಮನಂತೆ ತೋರಿಸುತ್ತಿದ್ದೇವೆ.

ವಿಜಯನಗರದ ನಮ್ಮ ಮನೆಯ ಹಿಂದೆ, ಶೀಟು ಹೊದಿಸಿದ ಎಂಟಡಿ ಹತ್ತಡಿಯ ಜಾಗವಿದೆ. ಗುಜರಿ ಅಂಗಡಿಯಿಂದ ತಂದ ಹಳೆಯ ಸೈಕಲ್ಲುಗಳನ್ನು ಅಲ್ಲಿ ಬಿಚ್ಚುವುದು, ಜೋಡಿಸುವುದು, ಬೇಕಾದಂತೆ ಮಾರ್ಪಡಿಸುವುದು ನನ್ನ ಹವ್ಯಾಸ. ಭಾನುವಾರಗಳಲ್ಲಿ ಬೀದಿಯ ಮಕ್ಕಳೂ ಬಂದು ಸೇರುತ್ತಾರೆ. ಅಲ್ಲಿ ನಾನು ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಲೆಕ್ಕದಿಂದಲೇ ಆರಂಭಿಸೋಣ. ನಮ್ಮ ಅಜ್ಜಂದಿರು ತುಳಿದ ಕಪ್ಪು ಸೈಕಲ್ಲನ್ನು ತೆಗೆದುಕೊಳ್ಳಿ. ಮುಂದಿನ ಚೈನ್‌ವೀಲಿನಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇದೆ ಎನ್ನೋಣ. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಸುಮಾರು 2.44 ಸುತ್ತು ಬರುತ್ತದೆ. 28 ಇಂಚಿನ ಚಕ್ರದ ಸುತ್ತಳತೆ ಹತ್ತಿರ ಹತ್ತಿರ 2.2 ಮೀಟರ್. ಅಂದರೆ ಒಂದು ತುಳಿತಕ್ಕೆ ಸೈಕಲ್ಲು ಸುಮಾರು 5.4 ಮೀಟರ್ ಹೋಗುತ್ತದೆ. ಈಗ ಫ್ರೀವೀಲ್ ಬದಲಿಸಿ 22 ಹಲ್ಲಿನದು ಹಾಕಿ. ಚಕ್ರ ಸರಿಯಾಗಿ ಎರಡು ಸುತ್ತು, ದೂರ 4.4 ಮೀಟರ್. ದೂರ ಕಡಿಮೆಯಾಯಿತು, ಆದರೆ ಏರು ರಸ್ತೆಯಲ್ಲಿ ಕಾಲಿನ ಶ್ರಮವೂ ಕಡಿಮೆಯಾಯಿತು. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕು. ಅನುಪಾತ ಎಂಬ ಪಾಠವನ್ನು ಹಲಗೆಯ ಮೇಲೆ ಎಷ್ಟು ಬರೆದರೂ ತಲೆಗೆ ಹತ್ತದ ಹುಡುಗನಿಗೆ, ಇದೇ ಪಾಠ ಮೊಣಕಾಲಿನಲ್ಲಿ ಅರ್ಥವಾಗುತ್ತದೆ.

ಎರಡನೆಯ ಪಾಠ, "ಏಕೆ" ಎಂದು ಕೇಳುವುದು. ಎಡಗಡೆಯ ಪೆಡಲ್ ಬಿಚ್ಚಲು ಹೋದ ಹೊಸಬರು ಸ್ಪ್ಯಾನರನ್ನು ಎಂದಿನ ದಿಕ್ಕಿಗೇ ತಿರುಗಿಸುತ್ತಾರೆ, ಅದು ಇನ್ನೂ ಬಿಗಿಯಾಗುತ್ತದೆ. ಆ ಪೆಡಲಿನ ಥ್ರೆಡ್ಡು ಉಲ್ಟಾ. ತುಳಿಯುವಾಗ ಕಾಲಿನ ಒತ್ತಡ ಪೆಡಲಿನ ರಾಡಿನ ಸುತ್ತ ಸುತ್ತುತ್ತಾ ಇರುತ್ತದೆ. ಎಡಗಡೆಗೂ ಸಾಮಾನ್ಯ ಥ್ರೆಡ್ಡೇ ಇದ್ದರೆ ಪೆಡಲ್ ಮೆಲ್ಲಗೆ ಸಡಿಲಗೊಂಡು ಕಳಚಿಕೊಳ್ಳಬಹುದು. ಯಾರೋ ಇದನ್ನು ಗಮನಿಸಿ, ಯೋಚಿಸಿ, ಪರಿಹಾರ ಕಂಡುಕೊಂಡಿದ್ದಾರೆ. ಸೈಕಲ್ಲಿನ ಒಂದೊಂದು ನಟ್ಟಿನ ಹಿಂದೆಯೂ ಇಂಥ ಒಬ್ಬರ ಯೋಚನೆ ಇದೆ.

ಮೂರನೆಯದು ತಾಳ್ಮೆ. ಚಕ್ರದ ಬೆಂಡ್ ತೆಗೆಯುವ ಕೆಲಸ ನೋಡಿ. ಹಳೆಯ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40 ಕಡ್ಡಿ. ಚಕ್ರವನ್ನು ತಿರುಗಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದರೆ ಎಲ್ಲಿ ತಾಗುತ್ತದೋ ಅಲ್ಲಿ ಬೆಂಡು. ಅದರ ಎದುರು ಬದಿಯ ಕಡ್ಡಿಯ ನಿಪ್ಪಲನ್ನು ಕಾಲು ಸುತ್ತು ಮಾತ್ರ ಬಿಗಿ ಮಾಡಬೇಕು, ಮತ್ತೆ ತಿರುಗಿಸಿ ನೋಡಬೇಕು. ಅವಸರ ಮಾಡಿ ಒಂದೇ ಕಡ್ಡಿಯನ್ನು ಎಳೆದರೆ ಬೆಂಡು ಇನ್ನೊಂದು ಕಡೆಗೆ ಹೋಗಿ ಕೂರುತ್ತದೆ. ಕೈಯಲ್ಲಿ ಮೊಬೈಲ್ ಹಿಡಿದರೆ ಎರಡು ನಿಮಿಷ ಒಂದು ಕಡೆ ಮನಸ್ಸು ನಿಲ್ಲಿಸಲಾರದ ಹುಡುಗರು, ಒಂದು ಚಕ್ರದ ಮುಂದೆ ಒಂದೂವರೆ ಗಂಟೆ ಕೂತದ್ದನ್ನು ನಾನು ನೋಡಿದ್ದೇನೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಜವಾಬ್ದಾರಿ. ಹವ್ಯಾಸ ಎಂದು ಮನಸ್ಸಿಗೆ ಬಂದದ್ದನ್ನೆಲ್ಲ ಮಾಡಲಾಗದು. ಹಳೆಯ ಸೈಕಲ್ಲಿನ ರಾಡ್ ಬ್ರೇಕು ಮಳೆಯಲ್ಲಿ ಸರಿಯಾಗಿ ಹಿಡಿಯುವುದಿಲ್ಲವೆಂದು ಹೊಸ ಕೇಬಲ್ ಬ್ರೇಕು ಹಾಕಲು ಹೊರಡುತ್ತೇವೆ. ಆದರೆ ಆ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕಕ್ಕೆ ಒತ್ತಬೇಕು. ಹಳೆಯ ರಿಮ್ಮಿನ ಪಕ್ಕ ಚಪ್ಪಟೆಯಾಗಿಲ್ಲ, ರಬ್ಬರು ಅಲ್ಲಿ ಸರಿಯಾಗಿ ಕೂರುವುದಿಲ್ಲ. ಬ್ರೇಕು ಬದಲಿಸಿದರೆ ರಿಮ್ಮನ್ನೂ ಬದಲಿಸಬೇಕು. ಹಾಗೆಯೇ, ಮುರಿದ ಅಥವಾ ಬಾಗಿದ ಮುಂದಿನ ಫೋರ್ಕಿಗೆ ವೆಲ್ಡಿಂಗ್ ಹಾಕಿ ಓಡಿಸಬೇಡಿ, ಅದನ್ನು ಗುಜರಿಗೇ ಕೊಡಿ. ಸವಾರನ ಹಲ್ಲು, ಮೂಳೆ, ಪ್ರಾಣ ಆ ಫೋರ್ಕಿನ ಮೇಲೆ ನಿಂತಿರುತ್ತದೆ. ಅಲ್ಯೂಮಿನಿಯಂ ಫ್ರೇಮನ್ನೂ ಬೀದಿ ಬದಿಯಲ್ಲಿ ವೆಲ್ಡ್ ಮಾಡಿಸಬೇಡಿ, ಬಿಸಿಗೆ ಅದರ ಬಲ ಕುಂದುತ್ತದೆ. ಮೋಟಾರು ಕೂರಿಸಬೇಕೆಂಬ ಆಸೆ ಈಗಿನ ಹುಡುಗರಿಗೆ ಬಹಳ. ಅದಕ್ಕೆ ಸರ್ಕಾರದ ನಿಯಮವಿದೆ. 250 ವ್ಯಾಟಿನ ಒಳಗಿನ ಶಕ್ತಿ, ಗಂಟೆಗೆ 25 ಕಿಲೋಮೀಟರಿನ ಒಳಗಿನ ವೇಗ, ಜೊತೆಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇದ್ದರೆ ಮಾತ್ರ ಅದನ್ನು ಮೋಟಾರು ವಾಹನವಲ್ಲವೆಂದು ಪರಿಗಣಿಸುತ್ತಾರೆ. "ನಾನು ಮಾಡಿದ್ದನ್ನು ಇನ್ನೊಬ್ಬರು ನಂಬಿ ಹತ್ತುತ್ತಾರೆ" ಎಂಬ ಅರಿವು ಬಂದ ದಿನ ಹುಡುಗ ದೊಡ್ಡವನಾದ ಎಂದು ತಿಳಿಯಿರಿ.

ಮಿತ್ರರೇ, ಹೀಗೆ ಸೈಕಲ್ಲಿನಿಂದ ಎಷ್ಟು ದೂರ ಹೋಗಬಹುದು? ಆಕಾಶಕ್ಕೇ ಹೋಗಬಹುದು. ಅಮೆರಿಕದ ಡೇಟನ್ ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರು 1892ರಲ್ಲಿ ಸೈಕಲ್ ಅಂಗಡಿ ಇಟ್ಟರು. 1896ರಿಂದ ತಮ್ಮದೇ ಸೈಕಲ್ಲುಗಳನ್ನು ತಯಾರಿಸತೊಡಗಿದರು. 1903ರ ಡಿಸೆಂಬರ್ 17ರಂದು ವಿಮಾನ ಹಾರಿಸಿದ ರೈಟ್ ಸಹೋದರರು ಇವರೇ. ಆ ವಿಮಾನದಲ್ಲಿ ಇಂಜಿನ್ನಿನಿಂದ ಪ್ರೊಪೆಲ್ಲರಿಗೆ ಶಕ್ತಿ ಹೋದದ್ದು ಸೈಕಲ್ಲಿನಲ್ಲಿರುವಂತೆಯೇ ಚೈನು ಮತ್ತು ಹಲ್ಲಿನ ಚಕ್ರಗಳ ಮೂಲಕ. ಇಬ್ಬರಿಗೂ ಹೈಸ್ಕೂಲಿನ ಸರ್ಟಿಫಿಕೇಟು ಕೂಡ ಇರಲಿಲ್ಲ.

ಇದನ್ನು ಕೇಳಿ "ಹಾಗಾದರೆ ಓದು ಬೇಡ" ಎಂದು ಹುಡುಗರು ಖುಷಿಪಡಬೇಡಿ. 1899ರಲ್ಲಿ ಅವರು ಸ್ಮಿತ್ಸೋನಿಯನ್ ಸಂಸ್ಥೆಗೆ ಕಾಗದ ಬರೆದು, ಹಾರಾಟದ ಬಗ್ಗೆ ಅಂದಿನವರೆಗೆ ಬಂದಿದ್ದ ಬರಹಗಳನ್ನು ಕೇಳಿ ತರಿಸಿಕೊಂಡರು. ಅವುಗಳಲ್ಲಿದ್ದ ಲೆಕ್ಕಕ್ಕೂ ತಮ್ಮ ಅನುಭವಕ್ಕೂ ತಾಳೆಯಾಗದಿದ್ದಾಗ, 1901ರಲ್ಲಿ ಸೈಕಲ್ಲಿನ ಹ್ಯಾಂಡಲಿನ ಮುಂದೆ ಇನ್ನೊಂದು ಚಕ್ರವನ್ನು ಅಡ್ಡಡ್ಡವಾಗಿ ಕೂರಿಸಿ, ಅದರ ಮೇಲೆ ರೆಕ್ಕೆಯ ತುಂಡನ್ನಿಟ್ಟು ಗಾಳಿಯ ಒತ್ತಡವನ್ನು ಪರೀಕ್ಷಿಸಿದರು. ಆಮೇಲೆ ಗಾಳಿಸುರಂಗ ಕಟ್ಟಿ ಅಳೆದರು. ಸರ್ಟಿಫಿಕೇಟು ಇರಲಿಲ್ಲ ನಿಜ, ಆದರೆ ಓದು ಇತ್ತು, ಬರವಣಿಗೆ ಇತ್ತು, ಅಳತೆ ಇತ್ತು. ಕೈ ಮತ್ತು ಪುಸ್ತಕ ಒಂದೇ ಮೇಜಿನ ಮೇಲೆ ಇದ್ದವು.

ನಮ್ಮ ದೇಶದ ಒಂದು ಉದಾಹರಣೆ ಹೇಳುತ್ತೇನೆ. ಬಿಹಾರದ ಪೂರ್ವ ಚಂಪಾರಣ್ ಜಿಲ್ಲೆಯ ಮೊಹಮ್ಮದ್ ಸೈದುಲ್ಲಾ ಅವರು 1975ರ ಪ್ರವಾಹದ ದಿನಗಳಲ್ಲಿ ನೀರಿನ ಮೇಲೂ ನೆಲದ ಮೇಲೂ ಓಡುವ ಸೈಕಲ್ಲು ಮಾಡಿದರು. ಚಕ್ರಗಳ ಪಕ್ಕ ಗಾಳಿ ತುಂಬಿದ ತೇಲುಪೆಟ್ಟಿಗೆಗಳು, ನೀರನ್ನು ತಳ್ಳಲು ಹಿಂದಿನ ಚಕ್ರದ ಕಡ್ಡಿಗಳಿಗೆ ರೆಕ್ಕೆಗಳು. ನೆಲಕ್ಕೆ ಬಂದಾಗ ಪೆಟ್ಟಿಗೆಗಳನ್ನು ಮಡಚಿಕೊಳ್ಳಬಹುದು. 2005ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಅವರಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ನೀಡಿ ಗೌರವಿಸಿತು. ಅಂಥ ಕೈಗೆ ನಾವೆಲ್ಲ ತಲೆಬಾಗಬೇಕು. ಆದರೂ ಆ ಸೈಕಲ್ಲು ಅಂಗಡಿಗಳಲ್ಲಿ ಸಿಗುವ ಸರಕಾಗಲಿಲ್ಲ. ಒಬ್ಬರ ಜಾಣ್ಮೆ ಊರಿಗೆಲ್ಲ ತಲುಪಬೇಕಾದರೆ ನಕ್ಷೆ ಬರೆಯುವವರು ಬೇಕು, ಪರೀಕ್ಷೆ ಮಾಡುವವರು ಬೇಕು, ಪೇಟೆಂಟಿನ ಅರ್ಜಿ ಹಾಕುವವರು ಬೇಕು, ಬಂಡವಾಳ ಬೇಕು. ಕೈ ಒಂದು ಕಡೆ, ಕಾಲೇಜು ಇನ್ನೊಂದು ಕಡೆ ಇದ್ದರೆ ಇದು ಆಗುವುದಿಲ್ಲ.

ನಮ್ಮೂರಿನ ಸ್ಥಿತಿಯೂ ಇದೇ. ಶಾಪಿನಲ್ಲಿ ಕೂತ ಹುಡುಗ ಕಿವಿಗೊಟ್ಟು ಸದ್ದು ಕೇಳಿಯೇ ಯಾವ ಬಾಲ್ಸು ಸವೆದಿದೆ ಎಂದು ಹೇಳಬಲ್ಲ. ಆದರೆ ಐಟಿಐ ಅರ್ಜಿ ತುಂಬಲು ಹೆದರುತ್ತಾನೆ. ಇಂಜಿನಿಯರಿಂಗ್ ಓದುವ ಹುಡುಗ ಬೇರಿಂಗಿನ ಬಗ್ಗೆ ಹತ್ತು ಅಂಕದ ಉತ್ತರ ಬರೆಯಬಲ್ಲ. ಚೈನು ಕಳಚಿದರೆ ಸೈಕಲ್ಲು ತಳ್ಳಿಕೊಂಡು ಮನೆಗೆ ಬರುತ್ತಾನೆ. ಇಬ್ಬರ ಮನೆಯ ನಡುವೆ ಇರುವುದು ಎರಡು ಬೀದಿ ಅಷ್ಟೇ.

ಹೆಣ್ಣುಮಕ್ಕಳ ವಿಷಯವನ್ನು ಮರೆಯಬಾರದು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಹೈಸ್ಕೂಲು ದೂರವಿರುವ ಕಡೆ ಸೈಕಲ್ಲು ಇದೆಯೋ ಇಲ್ಲವೋ ಎಂಬುದರ ಮೇಲೆ ಒಂದು ಹುಡುಗಿಯ ಓದು ನಿಲ್ಲುವುದೋ ಮುಂದುವರಿಯುವುದೋ ನಿರ್ಧಾರವಾಗುತ್ತದೆ. ಆದರೆ ಸಡಿಲವಾದ ಒಂದು ನಟ್ಟು ಬಿಗಿ ಮಾಡಲು, ಒಂದು ಪಂಕ್ಚರ್ ಹಾಕಲು ಮನೆಯಲ್ಲಿ ಯಾರಿಗೂ ತಿಳಿಯದೆ ಮೂಲೆ ಸೇರಿದ ಸೈಕಲ್ಲುಗಳನ್ನು ನಾನು ಕಂಡಿದ್ದೇನೆ. 2017ರ ಜೂನ್‌ನಲ್ಲಿ ನಮ್ಮ ಮೈಸೂರಿನಲ್ಲಿ 450 ಸೈಕಲ್ಲುಗಳೊಂದಿಗೆ 'ಟ್ರಿಣ್ ಟ್ರಿಣ್' ಯೋಜನೆ ಆರಂಭವಾದಾಗ ನಾವೆಲ್ಲ ಸಂತೋಷಪಟ್ಟೆವು. ಬಾಡಿಗೆ ಸೈಕಲ್ಲು ಓಡಿಸಲು ಒಳ್ಳೆಯದು. ಬಿಚ್ಚಿ ಕಲಿಯಲು ಮಾತ್ರ ನಮ್ಮದೇ ಸೈಕಲ್ಲು ಬೇಕು. ಹಾಗಾಗಿ ಸ್ಪ್ಯಾನರನ್ನು ಹುಡುಗರ ಕೈಗೆ ಮಾತ್ರ ಕೊಡಬೇಡಿ, ಹುಡುಗಿಯರ ಕೈಗೂ ಕೊಡಿ.

ಈಗ ನನ್ನ ಬೇಡಿಕೆ. ನಮ್ಮ ಸಂಸ್ಥೆ ಒಂದು ಸಣ್ಣ ಕೋಣೆ ಬಿಟ್ಟುಕೊಡಲಿ. ಗುಜರಿಯ ಎರಡು ಸೈಕಲ್ಲು, ಒಂದು ಗಟ್ಟಿ ಮೇಜು, ಒಂದು ಸೆಟ್ ಸ್ಪ್ಯಾನರು, ಕಡ್ಡಿ ತಿರುಗಿಸುವ ಕೀ, ಚೈನು ಬಿಚ್ಚುವ ಸಾಧನ, ಪಂಪು, ಗ್ರೀಸು, ಇಷ್ಟು ಸಾಕು. ಪಾಠ ಹೇಳಲು ನಮ್ಮ ಬಡಾವಣೆಯ ಸೈಕಲ್ ಶಾಪಿನ ಉಸ್ತಾದರನ್ನು ಕರೆಯಿರಿ, ಮೇಷ್ಟರಿಗೆ ಕೊಡುವ ಕುರ್ಚಿಯನ್ನೇ ಅವರಿಗೂ ಕೊಡಿ, ಗೌರವಧನವನ್ನೂ ಕೊಡಿ. ಶಾಲೆಯ ಒಬ್ಬ ಹುಡುಗ, ಶಾಪಿನ ಒಬ್ಬ ಹುಡುಗ ಜೊತೆಯಾಗಿ ಕೆಲಸ ಮಾಡಲಿ. ಬಿಚ್ಚುವ ಮೊದಲು ಚಿತ್ರ ಬರೆಯಲಿ, ಹಲ್ಲು ಎಣಿಸಲಿ, ಅಳತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಒಬ್ಬ ಕೈ ಕಲಿಸುತ್ತಾನೆ, ಇನ್ನೊಬ್ಬ ಬರಹ ಕಲಿಸುತ್ತಾನೆ. ವರ್ಷದ ಕೊನೆಗೆ ಶಾಪಿನ ಹುಡುಗನನ್ನು ಪರೀಕ್ಷೆಗೆ ಕೂರಿಸಿ, ಐಟಿಐ ಬಾಗಿಲಿನವರೆಗೆ ಕರೆದುಕೊಂಡು ಹೋಗುವುದು ನಮ್ಮ ಹೊಣೆ. ಸಿದ್ಧವಾದ ಸೈಕಲ್ಲು, ಉಸ್ತಾದರು ಬ್ರೇಕು, ಫೋರ್ಕು ಪರೀಕ್ಷಿಸಿ ಒಪ್ಪಿದ ಮೇಲೆ, ದೂರದಿಂದ ಶಾಲೆಗೆ ನಡೆದು ಬರುವ ಒಂದು ಮಗುವಿಗೆ ಹೋಗಲಿ.

ತಂದೆತಾಯಂದಿರೇ, ಇನ್ನು ಮುಂದೆ ಮಗನಿಗೆ "ಓದದಿದ್ದರೆ ಸೈಕಲ್ ಶಾಪಿಗೆ ಹಾಕ್ತೀನಿ" ಎನ್ನಬೇಡಿ. "ಚೆನ್ನಾಗಿ ಓದು, ಭಾನುವಾರ ಸೈಕಲ್ ಶಾಪಿಗೆ ಕಳಿಸ್ತೀನಿ" ಎನ್ನಿ. ಈ ಒಂದು ಮಾತು ಬದಲಾದರೆ ಬಹಳಷ್ಟು ಬದಲಾಗುತ್ತದೆ ಎಂಬ ನಂಬಿಕೆ ನನ್ನದು.