ಮಕ್ಕಳ ಕೈಯ ಮೊಬೈಲು: ಮಿತಿ ಯಾರಿಗೆ?

(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಾದ ನಮಗೆ ಮಿತಿಯೆಂಬುದು ಹೊಸದಲ್ಲ. 10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲಿ ಅನುಮತಿಯಿತ್ತಿತು. ಮೊಬಲಗಿಗೆ ಮಿತಿ ಹಾಕುವುದನ್ನು ಬ್ಯಾಂಕುಗಳಿಗೆ ಬಿಟ್ಟಿತು. ನಂಬಿಕೆಯೂ ಬೇಕು, ಮೇರೆಯೂ ಬೇಕು ಎಂಬುದೇ ಇದರ ತಾತ್ಪರ್ಯ. ಮೊಬೈಲಿನ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆತೆವು.

ಮುಂಬಯಿಯಲ್ಲಿ ಗಂಡಹೆಂಡಿರಿಬ್ಬರೂ ದುಡಿಯುವ ಸಂಸಾರ ನಮ್ಮದು. ಲೋಕಲ್ ಗಾಡಿ ತಡವಾದರೆ ತಿಳಿಸಲೆಂದು 12 ವರ್ಷದ ಮಗಳಿಗೆ ಮೊಬೈಲು ಕೊಡಿಸಿದೆವು. ಒಂದು ನಡುರಾತ್ರಿ ಅವಳ ಹೊದಿಕೆಯೊಳಗೆ ಬೆಳಕು ಕಂಡಿತು. ಸಹಪಾಠಿಗಳ ಸಂದೇಶಕ್ಕೆ ಒಡನೆ ಉತ್ತರಿಸದಿದ್ದರೆ ಗುಂಪಿನಿಂದ ಹೊರಗೆ ಹಾಕುವರೆಂಬ ಭಯ ಮಗುವಿಗೆ!

“ನಮಗೇಕೆ ಹೇಳಲಿಲ್ಲ, ಮಗಳೇ?” ಎಂದೆವು.

“ಹೇಳಿದರೆ ಕಿತ್ತುಕೊಳ್ತೀರಿ, ಅಪ್ಪಾ. ನೀವು ಮಾತ್ರ ಊಟಕ್ಕೆ ಕೂತಾಗಲೂ ನೋಡ್ತೀರಲ್ಲ?”

ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ರಾತ್ರಿ 9 ಗಂಟೆಯಾದರೆ ಮನೆಯ ಮೂರು ಮೊಬೈಲುಗಳೂ ಅಡಿಗೆಮನೆಯ ಕಪಾಟು ಸೇರುತ್ತವೆ. ಕಷ್ಟವನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಶಿಕ್ಷೆಯಿಲ್ಲವೆಂದೂ ಮಾತು ಕೊಟ್ಟಿದ್ದೇವೆ. ಮೊದಲ ವಾರದಲ್ಲೇ ಕಪಾಟಿನತ್ತ ಕೈ ಚಾಚಿದವರು ನಾವು, ತಡೆದವಳು ಮಗಳು.

18 ತುಂಬದವರ ಮಾಹಿತಿಯನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರ ಕಾಯಿದೆ ಹೇಳುತ್ತದೆ. ಆದರೆ ಯಾವ ಕಾಯಿದೆಯೂ ನಡುರಾತ್ರಿ ಬಂದು ಮಗುವಿನ ಹೊದಿಕೆ ಸರಿಸಿ ನೋಡಲಾರದು. ಆ ಕೆಲಸ ನಮ್ಮದು. ಮಕ್ಕಳಿಗೆ ಹಾಕುವ ಮಿತಿಯನ್ನು ಮೊದಲು ನಾವು ಪಾಲಿಸೋಣ. ಹೆದರದೆ ನಮ್ಮೊಡನೆ ಮಾತಾಡುವಂತೆ ಅವರನ್ನು ಬೆಳೆಸೋಣ.