ಗುಜರಿಗೆ ಬಿದ್ದ ರೈಲು ಇಂಜಿನ್ನನ್ನು ಎಬ್ಬಿಸಿದವರು

(ಯುವಕ ಸಂಘದ ತಿಂಗಳ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ತಿಂಗಳ ಸಭೆಯಲ್ಲಿ ಕಬ್ಬಿನ ಕೂಳೆ ಬೆಳೆಗೆ ಗೊಬ್ಬರ ಕೊಡುವ ವಿಚಾರ ಮಾತನಾಡುವೆನೆಂದು ನೋಟೀಸಿನಲ್ಲಿ ಕಾಣಿಸಿದ್ದೆ. ಅದನ್ನು ಬರುವ ತಿಂಗಳಿಗೆ ಇಟ್ಟುಕೊಳ್ಳೋಣ. ಇವತ್ತು ನಿಮಗೆ ಒಂದು ರೈಲು ಇಂಜಿನ್ನಿನ ಕಥೆ ಹೇಳಬೇಕೆಂದಿದ್ದೇನೆ. ರೈಲಿಗೂ ಬೇಸಾಯಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನಂಟು ನಮ್ಮ ಆಲೆಮನೆಯ ಒಲೆಯಲ್ಲಿದೆ. ಅಲ್ಲಿಗೆ ಕಡೆಯಲ್ಲಿ ಬರುತ್ತೇನೆ, ಅಲ್ಲಿಯವರೆಗೆ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ನಿಮ್ಮಲ್ಲಿ ಹಿರಿಯರಾದವರು ಕಲ್ಲಿದ್ದಲಿನ ರೈಲನ್ನು ಕಂಡಿದ್ದೀರಿ, ಕಿಟಕಿಯ ಪಕ್ಕ ಕುಳಿತು ಕಣ್ಣಿಗೆ ಕರಿ ಬೀಳಿಸಿಕೊಂಡಿದ್ದೀರಿ. ಕಿರಿಯರು ಕಂಡಿರಲಾರಿರಿ. ಆದ್ದರಿಂದ ಅದು ಕೆಲಸ ಮಾಡುವ ಬಗೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಇಂಜಿನ್ನಿನ ಹಿಂಭಾಗದಲ್ಲಿ ಒಂದು ದೊಡ್ಡ ಒಲೆ. ಒಲೆಯ ತಳದಲ್ಲಿ ಕಬ್ಬಿಣದ ಸರಳುಗಳ ಜಾಲರಿ, ಅದರ ಕೆಳಗೆ ಬೂದಿಗುಂಡಿ. ಬೂದಿಗುಂಡಿಗೆ ಗಾಳಿ ಹೋಗಲು ತೆರೆದು ಮುಚ್ಚುವ ಬಾಗಿಲುಗಳಿವೆ. ಒಲೆಯ ಉರಿಯೂ ಹೊಗೆಯೂ ಬಾಯ್ಲರಿನೊಳಗಿನ ಕೊಳವೆಗಳಲ್ಲಿ ಹಾದು ಮುಂದಕ್ಕೆ ಹೋಗುತ್ತವೆ. ಕೊಳವೆಗಳ ಸುತ್ತ ಇರುವ ನೀರು ಕಾದು ಉಗಿಯಾಗುತ್ತದೆ. ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ದಬ್ಬಿದರೆ ಗಾಲಿ ತಿರುಗುತ್ತದೆ. ಇಷ್ಟಕ್ಕೆ ಮುಗಿಯಲಿಲ್ಲ. ಕೆಲಸ ಮಾಡಿ ಬಂದ ಉಗಿಯನ್ನು ಚಿಮಣಿಯ ಬುಡದಲ್ಲಿರುವ ಮೂತಿಯಿಂದ ಮೇಲಕ್ಕೆ ಚಿಮ್ಮಿಸುತ್ತಾರೆ. ಚುಕುಬುಕು ಎಂದು ಮಕ್ಕಳು ಅನುಕರಿಸುವ ಸದ್ದು ಇದೇ. ಹೀಗೆ ಚಿಮ್ಮುವ ಉಗಿ ತನ್ನೊಡನೆ ಹೊಗೆಯನ್ನೂ ಸೆಳೆದುಕೊಂಡು ಹೋಗುತ್ತದೆ. ಆ ಸೆಳೆತಕ್ಕೆ ಬೂದಿಗುಂಡಿಯ ಬಾಗಿಲಿನಿಂದ ಹೊಸ ಗಾಳಿ ಒಳನುಗ್ಗಿ ಉರಿ ಏಳುತ್ತದೆ. ಗಾಳಿ ಒಳಗೆ ಬರುವ ಬಾಗಿಲು, ಹೊಗೆ ಹೊರಗೆ ಹೋಗುವ ಚಿಮಣಿ, ಇವೆರಡನ್ನು ನೆನಪಿನಲ್ಲಿಡಿ.

ಇನ್ನು ಕಥೆ. 1952ರ ಅಕ್ಟೋಬರ್ 8ರಂದು ಲಂಡನ್ನಿನ ಹತ್ತಿರ ಹ್ಯಾರೋ ಎಂಬಲ್ಲಿ ಘೋರವಾದ ರೈಲು ಅಪಘಾತವಾಗಿ 112 ಜನ ಸತ್ತರು. ಅದರಲ್ಲಿ ಪ್ರಿನ್ಸೆಸ್ ಆನ್ ಎಂಬ ಎಕ್ಸ್‌ಪ್ರೆಸ್ ಇಂಜಿನ್ನು ರಿಪೇರಿಗೆ ಮೀರಿ ಜಖಂ ಆಯಿತು. ಅದರ ಸ್ಥಾನಕ್ಕೆಂದು ಕ್ರೂ ಕಾರ್ಖಾನೆಯಲ್ಲಿ 1954ರಲ್ಲಿ ಹೊಸದೊಂದನ್ನು ಕಟ್ಟಿದರು. ನಂಬರು 71000, ಹೆಸರು ಡ್ಯೂಕ್ ಆಫ್ ಗ್ಲಾಸ್ಟರ್. ಆ ಜಾತಿಯಲ್ಲಿ ಅದೊಂದೇ. ಅಣ್ಣ ತಮ್ಮಂದಿರು ಯಾರೂ ಇಲ್ಲ. ನೂರು ಟನ್ ಮೀರಿದ ತೂಕ, ಆಳೆತ್ತರದ ಗಾಲಿಗಳು, ಎರಡರ ಬದಲು ಮೂರು ಸಿಲಿಂಡರು. ಉಗಿಯನ್ನು ಬಿಡುವ, ತಡೆಯುವ ಕೆಲಸಕ್ಕೆ ಕಾಪ್ರೊಟ್ಟಿ ಎಂಬ ಇಟಲಿಯ ಇಂಜಿನಿಯರ್ ಕಂಡುಹಿಡಿದ ವಾಲ್ವುಗಳನ್ನು ಕೂಡಿಸಿದ್ದರು. ನಿಮ್ಮ ಪಂಪ್‌ಸೆಟ್ಟಿನ ಡೀಸೆಲ್ ಇಂಜಿನ್ನಿನ ತಲೆ ಬಿಚ್ಚಿದಾಗ ಕಾಣುತ್ತವಲ್ಲ, ಅಣಬೆಯ ಆಕಾರದ ವಾಲ್ವುಗಳು, ಅದೇ ಮಾದರಿ.

ಎಲ್ಲರೂ ಅದರಿಂದ ಬಹಳ ನಿರೀಕ್ಷಿಸಿದರು. ಆದರೆ ಓಡಿಸಿ ನೋಡಿದರೆ ಅದು ಕಲ್ಲಿದ್ದಲನ್ನು ನುಂಗುತ್ತಿತ್ತು. ಏರು ಬಂದು ಜೋರಾಗಿ ಎಳೆಯಬೇಕಾದಾಗ ಉಗಿ ಸಾಲುತ್ತಿರಲಿಲ್ಲ. ಪರೀಕ್ಷೆಗೆ ಕಟ್ಟಿ ನೋಡಿದಾಗ ಸಿಲಿಂಡರುಗಳು ಉಗಿಯನ್ನು ಬಹಳ ಮಿತವಾಗಿ ಬಳಸುತ್ತವೆಂದು ತಿಳಿಯಿತು. ಅಂದರೆ ಖರ್ಚು ಮಾಡುವ ಕೈ ಬಿಗಿಯಾಗಿದೆ, ಸಂಪಾದನೆಯೇ ಇಲ್ಲ. ಚಾಲಕರಿಗೂ ಒಲೆಗೆ ಕಲ್ಲಿದ್ದಲು ಎಸೆಯುವ ಫೈರ್‌ಮನ್ನರಿಗೂ ಅದು ಬೇಡದ ಇಂಜಿನ್ನಾಯಿತು. ಎಲ್. ಟಿ. ಡೇನಿಯಲ್ಸ್ ಎಂಬ ತಜ್ಞರು ಹೊಗೆ ಹೋಗುವ ಏರ್ಪಾಡನ್ನು ಬದಲಿಸಬೇಕೆಂದು ಸಲಹೆ ಮಾಡಿದ್ದರೂ ಇಲಾಖೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1955ರಲ್ಲಿ ಉಗಿಯನ್ನೇ ಬಿಟ್ಟು ಡೀಸೆಲ್ಲಿಗೂ ವಿದ್ಯುತ್ತಿಗೂ ಹೋಗಬೇಕೆಂಬ ಯೋಜನೆ ಬಂದ ಮೇಲಂತೂ ಕೆಟ್ಟ ಹೆಸರಿನ ಒಂಟಿ ಇಂಜಿನ್ನಿಗಾಗಿ ಯಾರು ದುಡ್ಡು ಸುರಿಯುತ್ತಾರೆ? 1962ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಎಂಟು ವರ್ಷದ ಆಯುಸ್ಸು. ನಮ್ಮಲ್ಲಿ ಒಳ್ಳೆಯ ಎತ್ತು ಅದಕ್ಕಿಂತ ಹೆಚ್ಚು ಕಾಲ ಗೇಯುತ್ತದೆ.

ಅದರ ವಾಲ್ವಿನ ವಿಶೇಷವನ್ನು ಜನರಿಗೆ ತೋರಿಸಲು ಒಂದು ಪಕ್ಕದ ಸಿಲಿಂಡರನ್ನು ಬಿಚ್ಚಿ, ಸೀಳಿ, ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ಇನ್ನೊಂದು ಪಕ್ಕದ್ದನ್ನೂ ತೆಗೆದುಬಿಟ್ಟರು. ಉಳಿದ ಮೈಯನ್ನು 1967ರಲ್ಲಿ ವೇಲ್ಸ್ ಸೀಮೆಯ ಬ್ಯಾರಿ ಎಂಬ ಬಂದರಿನ ಗುಜರಿಗೆ ಎಳೆದೊಯ್ದರು.

ಈ ಬ್ಯಾರಿ ಗುಜರಿಯ ವಿಷಯ ಸ್ವಲ್ಪ ಹೇಳಲೇಬೇಕು. ಅದರ ಯಜಮಾನ ಡೈ ವುಡ್‌ಹ್ಯಾಮ್. ಆತ ಒಟ್ಟು 297 ಉಗಿ ಇಂಜಿನ್ನುಗಳನ್ನು ಒಡೆಯಲು ಕೊಂಡಿದ್ದ. ಆದರೆ ಹಳೆಯ ಗೂಡ್ಸ್ ವ್ಯಾಗನ್ನುಗಳನ್ನು ಒಡೆಯುವುದು ಸುಲಭವಾಗಿದ್ದುದರಿಂದ ಮೊದಲು ಅವುಗಳನ್ನೇ ಹಿಡಿದುಕೊಂಡ. ಇಂಜಿನ್ನುಗಳು ‘ನಾಳೆ ನೋಡೋಣ’ ಎಂದು ನಿಂತವು, ವರ್ಷಗಟ್ಟಲೆ, ಸಮುದ್ರದ ಉಪ್ಪುಗಾಳಿಯಲ್ಲಿ. ಅಷ್ಟರಲ್ಲಿ 1968ರ ಆಗಸ್ಟಿಗೆ ಬ್ರಿಟಿಷ್ ರೈಲ್ವೆಯ ದೊಡ್ಡ ಹಳಿಗಳ ಮೇಲೆ ಉಗಿಯ ಸೇವೆ ಮುಗಿಯಿತು. ಮುಗಿದದ್ದೇ ತಡ, ಆ ದೇಶದ ಜನಕ್ಕೆ ಅದರ ಮೇಲಿನ ಮಮತೆ ಹೆಚ್ಚಾಯಿತು. ಇದಕ್ಕೆ ಮೊದಲೇ, 1951ರಲ್ಲಿ, ವೇಲ್ಸಿನ ಟ್ಯಾಲಿಲಿನ್ ಎಂಬ ಸಣ್ಣ ರೈಲುಮಾರ್ಗವನ್ನು ಸಂಬಳವಿಲ್ಲದ ಸ್ವಯಂಸೇವಕರು ವಹಿಸಿಕೊಂಡು ನಡೆಸಿ ತೋರಿಸಿದ್ದರು. ಮುಚ್ಚಿಹೋದ ಮಾರ್ಗಗಳನ್ನು ಬೇರೆ ಬೇರೆ ಊರಿನವರು ಅದೇ ರೀತಿ ಎತ್ತಿಕೊಂಡರು. ಮಾರ್ಗ ಸಿಕ್ಕಮೇಲೆ ಇಂಜಿನ್ನು ಬೇಕಲ್ಲ? ಬ್ಯಾರಿಗೆ ಬಂದರು. ಚಂದಾ ಎತ್ತಿ ಒಂದೊಂದಾಗಿ ಕೊಂಡರು. 297ರಲ್ಲಿ 213 ಹೀಗೆ ಪಾರಾದವು.

ಆದರೆ ನಮ್ಮ ಡ್ಯೂಕನನ್ನು ಕೇಳುವವರು ಕಡಿಮೆ. ಎರಡು ಸಿಲಿಂಡರಿಲ್ಲ, ಅವುಗಳ ವಾಲ್ವಿನ ಸರಂಜಾಮು ಇಲ್ಲ. ಬೇರೆ ಜಾತಿಯ ಇಂಜಿನ್ನಾದರೆ ಇನ್ನೊಂದರಿಂದ ಬಿಡಿಭಾಗ ತಂದು ಹಾಕಬಹುದು. ಇದರದು ಒಂಟಿ ಜಾತಿ. ಇದು ಏಳುವುದಿಲ್ಲವೆಂದು ತಿಳಿದವರೇ ಹೇಳಿದರು. ಹಾಗಿದ್ದರೂ 1974ರಲ್ಲಿ ಕೆಲವರು ಸೇರಿ 4,950 ಪೌಂಡು ಕೊಟ್ಟು ಕೊಂಡು, ಲಫ್‌ಬರೋ ಊರಿನಲ್ಲಿರುವ ಗ್ರೇಟ್ ಸೆಂಟ್ರಲ್ ಎಂಬ ಸ್ವಯಂಸೇವಕರ ರೈಲ್ವೆಯ ಅಂಗಳಕ್ಕೆ ತಂದರು.

ಇಲ್ಲಿ ಒಂದು ಮಾತು. ನಾವು ಕೆರೆ ಏರಿಯ ಶ್ರಮದಾನ ಮಾಡಿದಾಗ ಮೊದಲ ದಿನ ಹಾರ ತುರಾಯಿ, ಫೋಟೋ, ಇನ್ನೂರು ಜನ. ಮೂರನೆಯ ದಿನ ನಾವು ಹನ್ನೊಂದು ಜನ ಇದ್ದೆವು. ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇದೆ. ಇಂಜಿನ್ನನ್ನು ಕೊಂಡ ದಿನ ಅವರಲ್ಲಿಯೂ ಉತ್ಸಾಹ ಇದ್ದೇ ಇರಬೇಕು. ಆದರೆ ಅದು ಮತ್ತೆ ಉಗಿ ಬಿಟ್ಟದ್ದು 1986ರಲ್ಲಿ. ಹನ್ನೆರಡು ವರ್ಷ! ಇಂಥ ಕೆಲಸ ನಡೆಯುವುದು ವಾರದ ರಜೆಯ ದಿನಗಳಲ್ಲಿ. ಅದರಲ್ಲಿ ಬಹುಭಾಗ ನೋಡಲು ಚೆಂದವಿಲ್ಲದ ಕೆಲಸ. ತುಕ್ಕು ಕೆರೆಯುವುದು, ಕಚ್ಚಿಕೊಂಡ ನಟ್ಟುಗಳನ್ನು ಬಿಡಿಸುವುದು, ಬಿಡಿಸಿದ್ದನ್ನೆಲ್ಲ ತೊಳೆದು ಅಳೆದು ಗುರುತಿನ ಚೀಟಿ ಕಟ್ಟಿಡುವುದು, ನಡುನಡುವೆ ಕಾರ್ಖಾನೆಗಳಿಗೆ ಕಾಗದ ಬರೆದು ಕಡಿಮೆ ಬೆಲೆಗೆ ಮಾಡಿಕೊಡಿ ಎಂದು ಬೇಡುವುದು. ಇಲ್ಲದ ಸಿಲಿಂಡರುಗಳನ್ನು ಹೊಸದಾಗಿ ಎರಕ ಹೊಯ್ಸಬೇಕಾಯಿತು. ಯಂತ್ರದ ಕೆಲಸ ಬಲ್ಲವರೂ ಅಲ್ಲಿದ್ದರು, ಬರೀ ತೋಳಿನ ಬಲವಿದ್ದವರೂ ಇದ್ದರು. ಇಬ್ಬರೂ ಬೇಕು.

ಈಗ ಮುಖ್ಯ ವಿಷಯಕ್ಕೆ ಬಂದೆ. ಹೀಗೆ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು, ಅಳೆದು ಕೂಡಿಸುತ್ತಿದ್ದಾಗ ಅವರಿಗೆ ಎರಡು ಸಂಗತಿ ಗೊತ್ತಾದವು. ಬೂದಿಗುಂಡಿಯ ಗಾಳಿಬಾಗಿಲುಗಳು ಇರಬೇಕಾದ್ದಕ್ಕಿಂತ ಚಿಕ್ಕದಾಗಿದ್ದವು. ಕಟ್ಟುವಾಗಲೇ ಆದ ತಪ್ಪು. ನಿಧಾನವಾಗಿ ಹೋಗುವಾಗ ಆ ಬಾಗಿಲು ಸಾಕು; ಜೋರಾಗಿ ಎಳೆಯುವಾಗ ಬೆಂಕಿಗೆ ಉಸಿರು ಕಟ್ಟುತ್ತಿತ್ತು. ಎರಡನೆಯದು, ಅಷ್ಟು ದೊಡ್ಡ ಇಂಜಿನ್ನಿಗೆ ಆ ಚಿಮಣಿಯೂ ಕಿರಿದು. ಗಾಳಿಯಿಲ್ಲದ ಒಲೆಗೆ ಎಷ್ಟು ಕಲ್ಲಿದ್ದಲು ಎಸೆದರೇನು? ಅರ್ಧ ಉರಿದು ಹೊಗೆಯಾಗಿ ಹೋಗುತ್ತದೆ. ಬೆವರು ಸುರಿಸಿ ಸಲಿಕೆ ಹಾಕಿದ ಫೈರ್‌ಮನ್ನನದೂ ಅಲ್ಲ, ಕಲ್ಲಿದ್ದಲಿನದೂ ಅಲ್ಲ, ಮೂಲ ನಕ್ಷೆಯ ಬುದ್ಧಿವಂತಿಕೆಯದೂ ಬಹಳ ಮಟ್ಟಿಗೆ ಅಲ್ಲ, ತಪ್ಪು ಒಂದು ಬಾಗಿಲಿನ ಅಳತೆಯದು. ಎಂಟು ವರ್ಷ ಆ ಇಂಜಿನ್ನನ್ನು ಓಡಿಸಿದ ದೊಡ್ಡ ಇಲಾಖೆಯಲ್ಲಿ ಅದನ್ನು ಸರಿಪಡಿಸಿದವರಿಲ್ಲ.

ಸ್ವಯಂಸೇವಕರು ಬಾಗಿಲುಗಳನ್ನು ಸರಿಯಾದ ಅಳತೆಗೆ ಮಾಡಿಸಿದರು. ಚಿಮಣಿಗೆ ಹಿಂದೆ ಡೇನಿಯಲ್ಸ್ ಹೇಳಿದ್ದ ಕಿಲ್‌ಚಾಪ್ ಏರ್ಪಾಡನ್ನು ಕೂಡಿಸಿದರು. ಇದರ ಅರ್ಧ ಹೆಸರು ಕಿಲೇಲ ಎಂಬ ಫಿನ್ಲೆಂಡಿನ ಇಂಜಿನಿಯರನದು, ಉಳಿದರ್ಧ ಷಾಪ್ಲಾನ್ ಎಂಬ ಫ್ರಾನ್ಸಿನವನದು. ಉಗಿಯನ್ನು ಒಂದೇ ಸಲ ಚಿಮ್ಮಿಸದೆ ಮೂತಿಯ ಮೇಲೆ ಮೂತಿ ಇಟ್ಟು ಹಂತಹಂತವಾಗಿ ಹೊಗೆಯೊಡನೆ ಬೆರೆಸುವುದರಿಂದ ಸೆಳೆತ ಹೆಚ್ಚುತ್ತದೆ. 1990ರಲ್ಲಿ ಡ್ಯೂಕ್ ದೊಡ್ಡ ಹಳಿಗಳ ಮೇಲೆ ಮತ್ತೆ ಓಡಿತು. ಇಂಗ್ಲೆಂಡಿನ ಉತ್ತರದಲ್ಲಿ ಷ್ಯಾಪ್ ಎಂಬ ಹೆಸರಾಂತ ಏರು ಇದೆ. ಎಪ್ಪತ್ತೈದು ಅಡಿ ಮುಂದೆ ಹೋದರೆ ಒಂದಡಿ ಮೇಲೆ, ಹಾಗೆ ನಾಲ್ಕು ಮೈಲಿ. ಉಗಿ ಸಾಲದೆಂದು ಹೆಸರು ಕೆಡಿಸಿಕೊಂಡಿದ್ದ ಈ ಇಂಜಿನ್ನು ಆ ಏರನ್ನು ತುಂಬಿದ ಗಾಡಿ ಎಳೆದುಕೊಂಡು ಹತ್ತಿತು. ಅಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಸುಮಾರು ಹತ್ತು ವರ್ಷಕ್ಕೊಮ್ಮೆ ಇಂಥ ಇಂಜಿನ್ನುಗಳ ಬಾಯ್ಲರನ್ನು ಹೊರತೆಗೆದು ಪರೀಕ್ಷೆ ಮಾಡಿಸಬೇಕು. ಮತ್ತೆ ಬಿಚ್ಚಬೇಕು, ಮತ್ತೆ ಚಂದಾ ಎತ್ತಬೇಕು.

ಇನ್ನು ನಮ್ಮ ಆಲೆಮನೆ. ಮೂರು ವರ್ಷದ ಕೆಳಗೆ ಸಂಘದ ವತಿಯಿಂದ ಹೊಸ ಮಾದರಿಯ ಒಲೆ ಕಟ್ಟಿಸಿದೆವು. ಅಳತೆಯ ಕಾಗದ ಬರೆದುಕೊಟ್ಟವನು ನಾನೇ. ಕಬ್ಬಿನ ಸಿಪ್ಪೆ ಉಳಿಯುತ್ತದೆ, ಬೆಲ್ಲ ಬೇಗ ಇಳಿಯುತ್ತದೆ ಎಂದು ಇದೇ ಕಟ್ಟೆಯ ಮೇಲೆ ನಿಂತು ಹೇಳಿದ್ದೆ. ಆದದ್ದು ಏನೆಂದು ನಿಮಗೆ ಗೊತ್ತಿದೆ. ಹೊಗೆ ಸುತ್ತಿಕೊಂಡಿತು, ಪಾಕ ಏಳುವುದು ತಡವಾಯಿತು, ಗಾಣದಿಂದ ಬಂದ ಸಿಪ್ಪೆ ಸಾಲದೆ ಸೌದೆ ಕೊಳ್ಳಬೇಕಾಯಿತು. ಆಗ ನಾನು ಉರಿ ಹಾಕುವ ತಾತನವರ ಮೇಲೆ ತಪ್ಪು ಹೊರಿಸಿದೆ. ಒಣಗದ ಸಿಪ್ಪೆ ತುರುಕುತ್ತೀರಿ, ಹಳೆಯ ಅಭ್ಯಾಸ ಬಿಡುವುದಿಲ್ಲ ಎಂದು ಹತ್ತು ಜನರೆದುರು ಅಂದೆ. ನಲವತ್ತು ವರ್ಷ ಒಲೆಯ ಮುಂದೆ ಕೂತವರು ಅವರು. ಮರುದಿನದಿಂದ ಆಲೆಮನೆಗೆ ಬರಲಿಲ್ಲ. ಅವರ ಬದಲು ಬಂದವರ ಕೈಯಲ್ಲಿಯೂ ಒಲೆ ಹಾಗೆಯೇ ಹೊಗೆಯಿತು. ಆದರೂ ನನಗೆ ಬುದ್ಧಿ ಹೊಳೆಯಲಿಲ್ಲ. ಇಂಗ್ಲೆಂಡಿನಲ್ಲಿ ಇಂಜಿನ್ನನ್ನು ಬೈದರು, ಇಲ್ಲಿ ನಾನು ಮನುಷ್ಯನನ್ನು ಬೈದೆ.

ಡ್ಯೂಕಿನ ಕಥೆ ಓದಿದ ವಾರವೇ ಟೇಪು ಹಿಡಿದು ಆಲೆಮನೆಗೆ ಹೋದೆ. ಕಾಗದದಲ್ಲಿ ಬೂದಿಗುಂಡಿಯ ಗಾಳಿಬಾಯಿ ಒಂದೂವರೆ ಅಡಿ ಅಗಲ. ಗೋಡೆಯಲ್ಲಿ ಇರುವುದು ಒಂಬತ್ತು ಅಂಗುಲ. ಮೇಸ್ತ್ರಿಯವರು ಗೋಡೆ ಕುಸಿದೀತೆಂದು ಅಂಜಿ ಕಿರಿದು ಮಾಡಿದ್ದರಂತೆ. ಅವರನ್ನು ದೂರುವುದಿಲ್ಲ. ಆ ದಿನ ಅಲ್ಲಿ ನಿಂತು ನೋಡಬೇಕಾದವನು ನಾನು, ಬೇರೊಂದು ಊರಿನ ಸಭೆಯಲ್ಲಿ ಕೂತಿದ್ದೆ.

ನಿನ್ನೆ ಸಂಜೆ ತಾತನವರ ಮನೆಗೆ ಹೋಗಿ ಇದನ್ನೆಲ್ಲ ಹೇಳಿ ತಪ್ಪಾಯಿತೆಂದೆ. ಅವರು ಎಲೆಅಡಿಕೆ ತಟ್ಟೆ ಮುಂದಿಟ್ಟು, “ಬಾಯಿ ಕಿರಿದಾಯ್ತು ಸ್ವಾಮಿ ಅಂತ ಮೊದಲನೇ ಕೊಪ್ಪರಿಗೆ ದಿನವೇ ನಾನು ಹೇಳಿದ್ನಲ್ಲ” ಎಂದರು. ಹೇಳಿದ್ದರು. ನನಗೆ ಆಗ ನೆನಪಾಯಿತು.

ಬರುವ ಭಾನುವಾರ ಬೆಳಿಗ್ಗೆ ಒಲೆಯ ಬಾಯಿ ಒಡೆದು ಅಗಲ ಮಾಡುತ್ತೇವೆ. ಮೇಲಿನ ಭಾರ ತಾಳಲು ಕಲ್ಲಿನ ಹಾಸು ಒಂದು ಬೇಕು. ಹಳೆಯ ಕಟ್ಟಡದ್ದು ಯಾರ ಹಿತ್ತಲಲ್ಲಾದರೂ ಬಿದ್ದಿದ್ದರೆ ತಿಳಿಸಿ. ಚಿಮಣಿಯನ್ನೂ ಅಂದೇ ಅಳೆಯೋಣ, ಅದು ಸರಿಯಾಗಿದೆಯೆಂದು ನಾನು ಹೇಳಲಾರೆ. ಹಾರೆ, ಸುತ್ತಿಗೆ ಇದ್ದವರು ತನ್ನಿ. ಗಾರೆ ಒಣಗಲು ಬಿಟ್ಟು, ಮುಂದಿನ ವಾರ ಒಂದು ಕೊಪ್ಪರಿಗೆ ಹಾಕಿ ನೋಡಬೇಕು. ಉರಿ ಹಾಕಲು ಬರುವಿರಾ ಎಂದು ತಾತನವರನ್ನು ಕೇಳಿದ್ದಕ್ಕೆ, ಬಾಯಿ ಒಡೆದದ್ದನ್ನು ಕಣ್ಣಿನಿಂದ ನೋಡಿದ ಮೇಲೆ ಹೇಳುತ್ತೇನೆ ಎಂದಿದ್ದಾರೆ.